ಕೋನಪ್ಪ ಹೊಲಿದ ಕವಚ

ತನುಜ ಮೊಣಕಾಲೂರಿ, ಮಂಚದಡಿಯ ಗೋಣಿಚೀಲವೊಂದನ್ನು ಎರಡೂ ಕೈಯಿಂದ ಎಳೆಯುತ್ತಿದ್ದಳು. ಅದು ಮಂಚದ ಕಾಲಿಗೆ ಸಿಕ್ಕಿಕೊಂಡು ಜಪ್ಪಯ್ಯ ಅಂದರೂ ಬರಲೊಲ್ಲದು. ಮೇಲೂರಿನ ಆ ತವರುಮನೆಯ ಹೊರಗೆ, ಜಗಲಿಯ ಮೇಲೆ ಅವಳ ಅಣ್ಣ ಕೋನಪ್ಪನನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ತಲೆಯ ಹತ್ತಿರ ಬುದ್ಧನ ಪಟ, ಅದರ ಮುಂದೆ ಮೇಣದ ಬತ್ತಿ. ಒಡಹುಟ್ಟಿದವನು ಸತ್ತ ದಿನ ತಂಗಿಯಾದವಳು ಅವನ ಪಕ್ಕ ಕೂತು ಅಳಬೇಕು. ಇವಳು ನೋಡಿದರೆ ಒಳಗೆ ಬಾಗಿಲು ಮುಂದೆ ಮಾಡಿಕೊಂಡು ಚೀಲದ ಜೊತೆ ಗುದ್ದಾಡುತ್ತಿದ್ದಾಳೆ.

"ಅಮ್ಮಾ, ಏನ್ ಮಾಡ್ತಿದೀಯಾ?" ಮಗಳು ಅಮೃತ ಬಾಗಿಲು ಸರಿಸಿ ಒಳಗೆ ಬಂದಳು. "ನಮ್ಮ ಅತ್ತೆಮನೆ ಮಾವನೋರು ಚಿಂತಾಮಣಿಯಿಂದ ಹೊರಟ್ರಂತೆ. ಇನ್ನೇನು ಬಂದ್‌ಬಿಡ್ತಾರೆ."

"ಅದಕ್ಕೇ ಕಣೇ. ಅವರು ಬರೋದ್ರೊಳಗೆ ಇದು ಹಿತ್ತಲು ದಾಟಬೇಕು. ಆ ಕಡೆ ಹಿಡಿ."

"ಏನಿದೆ ಅದ್ರಲ್ಲಿ?"

ತನುಜ ದನಿ ಇಳಿಸಿದಳು. "ತೊಗಲು."

ಶಿಡ್ಲಘಟ್ಟದ ಸೀಮೆಯಲ್ಲಿ ವಾಸನೆಗೇನು ಬರವಿಲ್ಲ. ನೂಲು ಬಿಚ್ಚುವ ಮನೆಗಳಲ್ಲಿ ಬೆಂದ ಹುಳುವಿನ ನಾತ ಬೀದಿಗೆ ಬೀದಿಯನ್ನೇ ಹಿಡಿದಿರುತ್ತದೆ. ಅದಕ್ಕೆ ಯಾರೂ ಮೂಗು ಮುಚ್ಚುವುದಿಲ್ಲ. ಅದು ರೇಷ್ಮೆಯ ವಾಸನೆ, ಮರ್ಯಾದಸ್ಥರ ವಾಸನೆ. ತೊಗಲಿನದು ಬೇರೆ ಲೆಕ್ಕ. ಇದೇ ಮೇಲೂರಿನಲ್ಲಿ ತನುಜಳ ಅಪ್ಪ ಹಿತ್ತಲ ತೊಟ್ಟಿಯಲ್ಲಿ ತೊಗಲು ನೆನೆಹಾಕಿ ಚಪ್ಪಲಿ ಹೊಲಿಯುತ್ತಿದ್ದ. ಆ ವಾಸನೆ ಅವಳ ಲಂಗಕ್ಕೂ ಜಡೆಗೂ ಅಂಟಿಕೊಂಡು ಅವಳ ಜೊತೆಯಲ್ಲೇ ಶಾಲೆಗೆ ಹೋಗುತ್ತಿತ್ತು. ಅಪ್ಪ ಹೋದ ಮೇಲೆ ಕೋನಪ್ಪ ಆ ತೊಟ್ಟಿಯನ್ನು ಒಡೆದುಹಾಕಿ, ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕೆಲಸಕ್ಕೆ ಸೇರಿ, ತಂಗಿಯನ್ನು ಬಿ.ಎಡ್‌ವರೆಗೂ ಓದಿಸಿದ. ತಾನು ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ "ಆಗಣ, ಆಗಣ" ಎನ್ನುತ್ತಲೇ ವಯಸ್ಸು ದಾಟಿಸಿಬಿಟ್ಟ.

ತನುಜ ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಟೀಚರಾದಳು. ಅಮೃತಳನ್ನು ಚಿಂತಾಮಣಿಯ ಮೋಹನ್‌ಬಾಬು ಅವರ ಮಗನಿಗೆ ಕೊಟ್ಟಳು. ಅವರದೂ ಇವರದೇ ಜನ, ಆದರೆ ಅವರು ತಹಶೀಲ್ದಾರರಾಗಿ ನಿವೃತ್ತರಾದವರು. ಮೂರು ತಲೆಮಾರಿನಿಂದ ಪೆನ್ನು ಹಿಡಿದ ಮನೆಯೆಂದು ತನುಜ ತಾನೇ ತೀರ್ಮಾನಿಸಿಕೊಂಡಿದ್ದಳು, ಯಾರನ್ನೂ ಕೇಳಿರಲಿಲ್ಲ. ಅಂಥವರ ಕಣ್ಣಿಗೆ ಈ ಚೀಲ ಬಿದ್ದರೆ ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆಯೇ ಎಂದುಕೊಂಡು ಅವಳು ಮತ್ತೆ ಚೀಲಕ್ಕೆ ಕೈ ಹಾಕಿದಳು.

•

ಅಮೃತಳ ಮದುವೆಯ ಮಾತುಕತೆಗೆಂದು ಚಿಂತಾಮಣಿಯವರು ಮೊದಲ ಸಲ ಚಿಕ್ಕಬಳ್ಳಾಪುರದ ಮನೆಗೆ ಬಂದ ದಿನ ಕೋನಪ್ಪನೂ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಹೊಸ ಪಂಚೆ, ಕೈಯಲ್ಲೊಂದು ಗೋಣಿಚೀಲ. ಆ ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡು ಕೂತ. ಮುಖದಲ್ಲಿ ಮಾತ್ರ ತಡೆಯಲಾರದಷ್ಟು ಸಂತೋಷ.

ಉಪ್ಪಿಟ್ಟಿನ ತಟ್ಟೆ ಕೈಗೆ ತೆಗೆದುಕೊಂಡ ಮೋಹನ್‌ಬಾಬು ಮೂಗು ಎತ್ತಿ, "ಏನೋ ವಾಸನೆ ಬರ್ತಾ ಇದೆಯಲ್ಲ?" ಎಂದರು.

ತನುಜ ಚೀಲದ ಕಡೆ ನೋಡಿದಳು. ಬಾಯಿ ಸಡಿಲವಾಗಿ ಕಂದು ಬಣ್ಣದ ತೊಗಲಿನ ಅಂಚು ಹೊರಗೆ ಇಣುಕುತ್ತಿತ್ತು. ಅವಳಿಗೆ ಆ ಕ್ಷಣವೇ ಅಪ್ಪನ ತೊಟ್ಟಿಯ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ಅಣ್ಣನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

"ಮತ್ತೆ ಈ ಕಸುಬಿಗೆ ಕೈ ಹಾಕಿದೀಯಾ ಅಣ್ಣಾ?"

"ಕಸುಬಲ್ಲ ಕಣೇ ತನೂ. ಒಂದ್ಸಲ ನೋಡು, ಬಿಚ್ಚಿ ತೋರಿಸ್ತೀನಿ..."

"ನೋಡೋದೇನ್ ಬಂತು, ನಾತ ಬರ್ತಿದೆ! ಅವರಾಗಲೇ ಮೂಗೆತ್ತಿದ್ರು. ನನ್ನ ಮಗಳ ಬಾಳಿಗೆ ಕಲ್ಲು ಹಾಕ್ಬೇಡ. ಎತ್ಕೊಂಡು ಹೊರಡು."

ಕೋನಪ್ಪ ಹಿತ್ತಿಲ ಬಾಗಿಲಿಂದ ಹೊರಟ. ಕಾಫಿ ಕೂಡ ಕುಡಿದಿರಲಿಲ್ಲ. ಮದುವೆಗೆ ಬಂದವನು ಗಂಡು ಹೆಣ್ಣಿಗೆ ದೂರದಿಂದ ಅಕ್ಷತೆ ಹಾಕಿ, ಕೊನೆಯ ಪಂಕ್ತಿಯಲ್ಲಿ ಉಂಡು, ಬಸ್ಸು ಹಿಡಿದ. ಆಮೇಲೆ ಹಬ್ಬಕ್ಕೊಂದು ಫೋನು. "ಚೆನ್ನಾಗಿದೀಯಾ?" "ಇದೀನಿ, ನೀನು?" ಅಲ್ಲಿಗೆ ಮಾತು ಮುಗಿಯುತ್ತಿತ್ತು. ತನುಜಳೂ ಮೇಲೂರಿನ ಕಡೆ ತಲೆ ಹಾಕಲಿಲ್ಲ. ಮೂರು ವರ್ಷ ಹಾಗೇ ಕಳೆದುಹೋಯಿತು.

•

ಚೀಲ ಹಿತ್ತಲು ಮುಟ್ಟಲಿಲ್ಲ. ಪಕ್ಕದ ಮನೆಯ ಆಂಜಿನಮ್ಮ ಬಾಗಿಲಲ್ಲೇ ಅಡ್ಡ ನಿಂತಳು. ಕೋನಪ್ಪನ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟು ಹೊತ್ತೇರಿದರೂ ಹಾಗೇ ಬಿದ್ದಿದ್ದನ್ನು ನೋಡಿ, ಜನ ಕರೆದು ಬಾಗಿಲು ತೆಗೆಸಿದವಳು ಅವಳೇ. ಅವಳ ಹಿಂದೆಯೇ ಮೇಲಿನ ಬೀದಿಯ ಚೆನ್ನರಾಯಪ್ಪ ಬಂದರು. ದ್ರಾಕ್ಷಿ ತೋಟದ ಒಡೆಯರು. ಊರ ನಾಟಕದಲ್ಲಿ ವರ್ಷಾ ವರ್ಷಾ ಅವರದೇ ರಾಜನ ಪಾರ್ಟು.

"ಟೀಚರಮ್ಮ, ಅದು ಆ ಕವಚ ಅಲ್ವಾ?" ಎಂದರು ಚೆನ್ನರಾಯಪ್ಪ. "ಹೊತ್ತಲ್ಲದ ಹೊತ್ತಲ್ಲಿ ಕೇಳ್ತಿದೀನಿ, ತಪ್ಪು ತಿಳೀಬ್ಯಾಡಿ. ಕೋನಪ್ಪನ್ನ ಎಷ್ಟು ಸಲ ಕೇಳಿದೀನಿ, 'ಅದು ಬೇರೆಯೋರ್ದು ಸಾಮಿ' ಅಂತಲೇ ತಳ್ತಿದ್ದ. ನಮ್ಮ ರಟ್ಟಿನ ಕವಚ ಹಾಕ್ಕೊಂಡ್ರೆ ಕುಣಿಯೋ ಅಷ್ಟರಲ್ಲಿ ಹರಿದೋಗ್ತದೆ."

"ತಗೊಂಡ್ಹೋಗಿ," ಎಂದಳು ತನುಜ. "ಈಗಲೇ ತಗೊಂಡ್ಹೋಗಿ."

ಚೆನ್ನರಾಯಪ್ಪ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅವರಿಗೆ ಅಲ್ಲೇ ಬಿಚ್ಚಿ ನೋಡಬೇಕೆನ್ನಿಸಿತು. ಚೀಲದಿಂದ ಹೊರಬಂದದ್ದನ್ನು ಕಂಡು ಅಮೃತ "ಅಬ್ಬಾ" ಅಂದಳು. ಎದೆಗೆ, ಬೆನ್ನಿಗೆ, ಹೆಗಲಿಗೆ ಬೇರೆ ಬೇರೆಯಾಗಿ ಬಗ್ಗಿಸಿ ಗಟ್ಟಿ ಮಾಡಿ, ಸೇರಿಸಿ ಹೊಲಿದ ದಪ್ಪ ತೊಗಲು. ಹೆಗಲ ಮೇಲೆ ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಕೂತ ಪಟ್ಟಿಗಳು. ಕತ್ತಿನ ಸುತ್ತ, ಎದೆಯ ಅಂಚಿಗೆಲ್ಲ, ಹೊನ್ನಿನ ಬಣ್ಣದ ರೇಷ್ಮೆ ಗೂಡುಗಳ ಸಾಲು. ಮುಟ್ಟಿದರೆ ಗಾಜಿನಷ್ಟು ಗಟ್ಟಿ, ಆದರೆ ಗೂಡಿನ ಮೇಲಿನ ಎಳೆ ಎಳೆಯೂ ಕಾಣುತ್ತಿತ್ತು.

ಚೆನ್ನರಾಯಪ್ಪ ತಲೆ ತೂರಿಸಿದರು. ಕವಚ ಹೆಗಲವರೆಗೆ ಬಂದು ನಿಂತಿತು. ಉಸಿರು ಬಿಗಿಹಿಡಿದರು, ಹೊಟ್ಟೆ ಒಳಗೆಳೆದುಕೊಂಡರು. ಅದು ಇಳಿಯಲೂ ಇಲ್ಲ, ಏರಲೂ ಇಲ್ಲ. ಹೆಣದ ಮನೆಯಲ್ಲಿ ಒಬ್ಬ ರಾಜ ಹೀಗೆ ಸಿಕ್ಕಿಬಿದ್ದು ಒದ್ದಾಡುವುದನ್ನು ಕೋನಪ್ಪ ನೋಡಿದ್ದರೆ ನಗು ತಡೆಯುತ್ತಿರಲಿಲ್ಲ. ಕೊನೆಗೆ ಆಂಜಿನಮ್ಮನೇ ಎಳೆದು ಬಿಡಿಸಿದಳು.

"ಇದೇನಮ್ಮಾ, ಇದು ಹೆಂಗಸ್ರ ಅಳತೆ!" ಎಂದರು ಚೆನ್ನರಾಯಪ್ಪ, ಬೆವರು ಒರೆಸಿಕೊಳ್ಳುತ್ತಾ.

"ಮತ್ತಿನ್ನೇನು?" ಎಂದಳು ಆಂಜಿನಮ್ಮ. ಅವಳಿಗೆ ಸಿಟ್ಟು ಬಂದಿತ್ತು. "ಟೀಚರಮ್ಮನಿಗೇ ಅಂತ ಮಾಡಿದ್ದು ಅದು. ಗೊತ್ತಿಲ್ವಾ ಟೀಚರಮ್ಮಾ ನಿಮಗೆ? ಇಸ್ಕೂಲಲ್ಲಿ ಅದೇನೋ ರಾಣಿ ಪಾರ್ಟು ತಪ್ಪೋಯ್ತಂತಲ್ಲ ನಿಮಗೆ. 'ನನ್ನ ತಂಗಿಗೆ ಒಂದು ಬಾಕಿ ಐತೆ ಆಂಜಿನಮ್ಮಾ' ಅಂತ ಅಂತಿದ್ದ ಕೋನಪ್ಪ."

•

ಏಳನೇ ಕ್ಲಾಸಿನಲ್ಲಿದ್ದಾಗ ಮೇಷ್ಟರೊಬ್ಬರು ಪಾಳೇಗಾರನ ಕೋಟೆ ಉಳಿಸಿದ ರಾಣಿಯ ನಾಟಕ ಬರೆದು, ಗಂಟಲು ಚೆನ್ನಾಗಿದೆಯೆಂದು ತನುಜಳಿಗೆ ರಾಣಿಯ ಪಾರ್ಟು ಕೊಟ್ಟಿದ್ದರು. ಚಿಕ್ಕಬಳ್ಳಾಪುರದಿಂದ ಬಾಡಿಗೆಗೆ ಒಂದೇ ಕವಚ ತರಿಸಿದ್ದರು. ಮೊದಲ ಅಂಕದಲ್ಲಿ ಅದನ್ನು ರಾಣಿ ಹಾಕಬೇಕು, ಎರಡನೆಯದರಲ್ಲಿ ಸೇನಾಪತಿಯ ಪಾರ್ಟಿನ ಹುಡುಗಿ. ಆ ಹುಡುಗಿಯ ಅಮ್ಮ ಶಾಲೆಗೆ ಬಂದು, ಅವರ ಹುಡುಗಿ ಹಾಕಿ ಬಿಚ್ಚಿದ್ದನ್ನು ನಮ್ಮ ಹುಡುಗಿ ಹಾಕುವುದಿಲ್ಲ ಎಂದಳು. ಮೇಷ್ಟರು ತನುಜಳಿಗೆ ಪರದೆ ಎಳೆಯುವ ಕೆಲಸ ಕೊಟ್ಟರು. "ಅದೂ ಮುಖ್ಯವಾದ ಕೆಲಸವೇ ಕಣಮ್ಮ," ಎಂದರು.

ಆ ಸಂಜೆ ಕೋನಪ್ಪ ಅಪ್ಪನ ದಬ್ಬಳ ಹಿಡಿದು, "ನಾನೇ ಹೊಲಿದುಕೊಡ್ತೀನಿ ಬಾ, ಬಾಡಿಗೇದಲ್ಲ, ನಿಜವಾದ್ದು," ಎಂದ. ಅವಳು ಕಿರುಚಿದ್ದಳು. "ತೊಗಲಿಂದು ನಂಗೆ ಬೇಡ! ಎಲ್ರೂ ನಗ್ತಾರೆ!"

ಅವಳು ಅದನ್ನು ಮರೆತಳು, ಅಥವಾ ಮರೆತೆನೆಂದುಕೊಂಡಳು. ಕೋನಪ್ಪ ಮರೆಯಲಿಲ್ಲ. ನಿವೃತ್ತನಾದ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಮಾತಾಡಲು ಜನರಿಲ್ಲದ ಮನೆಯಲ್ಲಿ ಫೋನು ಹಿಡಿದು ಕೂತ. ಎಲ್ಲಿಯದೋ ದೇಶದ ಒಬ್ಬ ಗಡ್ಡದವನು ಕವಚ ಮಾಡುವ ವಿಡಿಯೋ ಸಿಕ್ಕಿತು. ಮಾತು ಒಂದೂ ತಿಳಿಯದು. ಕೈ ಮಾತ್ರ ನೋಡಿದ. ಬೆಂಗಳೂರಿನಿಂದ ಹದ ಮಾಡಿದ ತೊಗಲು ತಂದ. ಬಿಸಿನೀರಲ್ಲಿ ನೆನೆಸಿ, ಬಿಂದಿಗೆಯ ಮೇಲೆ ಬಗ್ಗಿಸಿ ಕಟ್ಟಿ ಒಣಗಿಸಿದ.

ಗೂಡುಗಳನ್ನು ಎರಕ ಹೊಯ್ಯಲು ತಂದ ರೆಸಿನ್, ಬೆರೆಸಿಟ್ಟರೆ ಗಾಜಿನಂತೆ ಗಟ್ಟಿಯಾಗುವ ಅಂಟು, ಮಾತ್ರ ಬಹಳ ಆಟ ಆಡಿಸಿತು. ಎರಡು ಬಾಟಲಿಯ ದ್ರವ ಸರಿಯಾಗಿ ಬೆರೆಯದೆ, ಮೊದಲ ಸಲ ಎರಕ ಹೊಯ್ದದ್ದು ಬೆಲ್ಲದ ಪಾಕದಂತೆ ಅಂಟಾಗಿಯೇ ಉಳಿಯಿತು. ಅಚ್ಚಿಗೆಂದು ಇಟ್ಟ ನಿಜವಾದ ಗೂಡು ಹಗುರ, ಅದರ ಮೇಲೆ ಅಚ್ಚಿನ ರಬ್ಬರು ದ್ರವ ಸುರಿದೊಡನೆ ತೇಲಿಬಂತು. ಹಲಗೆಗೆ ಅಂಟಿಸಿ ಮತ್ತೆ ಸುರಿದ. ಗೂಡು ಕಿತ್ತ ಮೇಲೆ ಗಟ್ಟಿಯಾದ ರಬ್ಬರಿನಲ್ಲಿ ಉಳಿದ ಹಳ್ಳಕ್ಕೆ ಹೊನ್ನಿನ ಬಣ್ಣದ ಪುಡಿ ಕಲಸಿದ ರೆಸಿನ್ ಹೊಯ್ದು, ತಗಡಿನ ಮಾಡಿನ ಮೇಲೆ ಬಿಸಿಲಿಗಿಟ್ಟ. ಗಟ್ಟಿಯಾಗಿ ಬಂದ ಮೊದಲ ಗೂಡನ್ನು ಯಾರಿಗಾದರೂ ತೋರಿಸಬೇಕೆನ್ನಿಸಿ ಆಂಜಿನಮ್ಮನ ಮನೆಗೆ ಹೋದ. ಅವಳು ಕೆಲಸಕ್ಕೆ ಹೋಗಿದ್ದಳು. ಅದನ್ನು ಜೇಬಿನಲ್ಲಿಟ್ಟುಕೊಂಡು ಬಸ್ ಸ್ಟಾಪಿನವರೆಗೂ ನಡೆದು, ಅಲ್ಲಿ ಸ್ವಲ್ಪ ಹೊತ್ತು ಕೂತು, ವಾಪಸ್ಸು ಬಂದ.

•

ಮೋಹನ್‌ಬಾಬು ಹಾರ ಹಾಕಿ, ಕೈಮುಗಿದು, ಬೀಗಿತ್ತಿಯನ್ನು ಮಾತಾಡಿಸಲು ಒಳಗೆ ಬಂದಾಗ ಕವಚ ಮಂಚದ ಮೇಲೆಯೇ ಇತ್ತು. ತನುಜ ಅದನ್ನು ಮುಚ್ಚಿರಲಿಲ್ಲ. ಅವಳು ಅದರ ಪಕ್ಕ ಕೂತು ಮೂಸಿ ನೋಡಿದ್ದಳು. ಅಪ್ಪನ ತೊಟ್ಟಿಯ ನಾತಕ್ಕಾಗಿ ಹುಡುಕಿದ್ದಳು, ಸಿಕ್ಕಿರಲಿಲ್ಲ. ಹೊಸ ಸ್ಕೂಲ್ ಬ್ಯಾಗಿನ ವಾಸನೆ ಇತ್ತು, ಅಷ್ಟೆ.

ಮೋಹನ್‌ಬಾಬು ಕನ್ನಡಕ ಏರಿಸಿ ಬಗ್ಗಿದರು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಎರಡು ಸೂಜಿ ಹೊಲಿಗೆ," ಎಂದರು. "ಒಂದೇ ತೂತಿಗೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ನಮ್ಮಪ್ಪ ಹಿಂಗೇ ಹೊಲೀತಿದ್ರು."

"ನಿಮ್ಮ ತಂದೇನಾ?"

"ಚಿಂತಾಮಣಿ ಬಸ್ ಸ್ಟ್ಯಾಂಡ್ ಮುಂದೆ ಚಪ್ಪಲಿ ಹೊಲೀತಾ ಕೂರ್ತಿದ್ರು. ಆಫೀಸಲ್ಲಿ ಯಾರಿಗೂ ಹೇಳ್ಲಿಲ್ಲ ನಾನು. ನಿಮ್ಮ ಹತ್ರಾನೂ ಹೇಳ್ಲಿಲ್ಲ. ಟೀಚರ್ ಮನೆ, ಏನಂದ್ಕೋತಾರೋ ಅಂತ ಒಂದು ಅಳುಕು."

ತನುಜ ಅವರ ಕಡೆ ತಿರುಗಿದಳು. "ಅವತ್ತು ಮಾತುಕತೆ ದಿನ, ಏನೋ ವಾಸನೆ ಅಂದ್ರಲ್ಲ ಬೀಗ್ರೇ..."

"ಅವತ್ತಾ?" ಮೋಹನ್‌ಬಾಬು ನೆನಪು ಮಾಡಿಕೊಂಡರು. "ಪೇಂಟಿನ ವಾಸನೆ ಬಂತು. ನಾವು ಬರ್ತೀವಿ ಅಂತ ಮನೆಗೆ ಪೇಂಟ್ ಹೊಡಿಸಿದಾರೇನೋ, ಪಾಪ, ಸುಮ್ನೆ ತೊಂದ್ರೆ ತಗೊಂಡ್ರು ಅಂದ್ಕೊಂಡೆ. ಯಾಕೆ?"

"ಏನಿಲ್ಲ," ಎಂದಳು ತನುಜ.

ಅವರು ಹೊರಗೆ ಹೋದ ಮೇಲೆ ಅವಳು ಕವಚದ ಮೇಲೆ ತಲೆಯಿಟ್ಟು ಅತ್ತಳು. ಬೆಳಗಿನಿಂದ ಬಾರದ ಅಳು ಒಂದೇ ಸಲ ಬಂತು. ಆಗತಾನೆ ಎರಕ ಹೊಯ್ದ ರೆಸಿನ್ನಿನ, ಪೇಂಟಿನಂಥ ವಾಸನೆಗೆ ಅಣ್ಣನನ್ನು ಹಿತ್ತಿಲ ಬಾಗಿಲಿಂದ ಕಳಿಸಿದ್ದಳು. ಇಲ್ಲದ ನಾತವನ್ನು ತನ್ನ ಮೂಗಿನೊಳಗಿಂದಲೇ ತೆಗೆದು ಅವನ ಮೇಲೆ ಹಾಕಿದ್ದಳು. ಈಗ ಹೋಗಿ ತಪ್ಪಾಯಿತು ಎನ್ನೋಣವೆಂದರೆ ಅವನು ಬಿಳಿ ಬಟ್ಟೆ ಹೊದ್ದು ಮಲಗಿದ್ದಾನೆ.

ಹೊರಗೆ ಬುದ್ಧನ ಪಟದ ಮುಂದೆ ಹೇಳುತ್ತಿದ್ದ ತ್ರಿಸರಣ ಮುಗಿಯಿತು. ಯಾರೋ ಕೂಗಿದರು: "ಎತ್ತಣ ಇನ್ನ, ಹೊತ್ತಾಯ್ತು. ತಂಗಿ ಎಲ್ಲಿ?"

ತನುಜ ಎದ್ದು ನಿಂತು, ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕವಚವನ್ನು ತಲೆಯ ಮೇಲಿಂದ ಇಳಿಸಿಕೊಂಡಳು. ಅದು ತೂಕವಾಗಿತ್ತು.

"ಅಮ್ಮಾ, ಹೊರಗೆ ಊರೆಲ್ಲ ಇದೆ," ಎಂದಳು ಅಮೃತ.

"ಇರ್ಲಿ. ಆಂಜಿನಮ್ಮಾ, ಹಿಂದೆ ಕಟ್ಟು ಬಾ."

ಆಂಜಿನಮ್ಮ ಬೆನ್ನ ಹಿಂದೆ ನಿಂತು ಪಟ್ಟಿಯನ್ನು ಬಕಲಿಗೆ ತೂರಿಸಿದಳು. "ಯಾವ ತೂತಿಗೆ ಹಾಕ್ಲಿ ಟೀಚರಮ್ಮಾ? ಬೇಜಾನ್ ಇದಾವೆ."

"ಯಾಕಷ್ಟು?"

"ಅಳತೆ ಕೇಳೋಕೆ ಫೋನಲ್ಲಿ ಬಾಯಿ ಬರ್ತಿರ್ಲಿಲ್ಲ ಅವನಿಗೆ. ಪ್ರತಿ ಹಬ್ಬದಲ್ಲೂ ನಿಮ್ಮ ಹತ್ರ ಮಾತಾಡಿ ಫೋನ್ ಇಡೋನು, ಕೂತು ಇನ್ನೊಂದು ತೂತು ಹೊಡೆಯೋನು. 'ಈಗ ಇನ್ನೊಂಚೂರು ದಪ್ಪ ಆಗಿರ್ತಾಳೆ ಕಣಮ್ಮಾ' ಅನ್ನೋನು."

ಬಕಲಿನ ಮುಳ್ಳು ನಡುವಿನ ಒಂದು ತೂತಿಗೆ ಸರಿಯಾಗಿ ಕೂತಿತು. ತನುಜ ಕೈ ಹಿಂದೆ ಮಾಡಿ, ಉಳಿದ ಪಟ್ಟಿಯನ್ನು ಬೆರಳಿಂದ ತಡವಿದಳು. ಅದು ಇನ್ನೂ ಉದ್ದವಿತ್ತು. ಕೊನೆಯ ತುದಿಯವರೆಗೂ ಅವನು ತೂತು ಹೊಡೆದಿಟ್ಟಿದ್ದ.