ಮರಿಗೆ ಅರವತ್ತನಾಲ್ಕು

ಆಕೆಗೆ ಅಳತೆಯಕ್ಕ ಅಂತ ಹೆಸರು ಬಿದ್ದದ್ದು ಆ ಮನೆಯಲ್ಲೇ. ಮೊದಲ ಸಲ ಹೋದಾಗ ಚೀಲ ಬಿಚ್ಚಿ ತೂಕದ ಯಂತ್ರ, ಟೇಪು, ಸ್ಟಾಪ್‌ವಾಚ್, ಕೈಹಿಡಿತದ ಬಲ ಅಳೆಯುವ ಹಿಡಿಕೆ ಎಲ್ಲ ಒಂದೊಂದಾಗಿ ಮೇಜಿನ ಮೇಲಿಟ್ಟಳು. ಕುರ್ಚಿಯಲ್ಲಿ ಕೂತಿದ್ದ ಎಂಬತ್ತೊಂಬತ್ತರ ಅಜ್ಜಿ ಅದನ್ನೆಲ್ಲ ನೋಡಿ, "ಏನಮ್ಮ ಅಳತೆಯಕ್ಕ, ನನ್ನ ಹೆಣದ ಪೆಟ್ಟಿಗೆಗೆ ಅಳತೆ ತಗೊಳ್ಳೋಕೆ ಬಂದ್ಯಾ? ಇನ್ನೂ ಸ್ವಲ್ಪ ದಿನ ತಡಿ" ಎಂದಳು.

ಅಜ್ಜಿ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಮೈಯೆಲ್ಲ ಮುದುಡಿದ್ದರೂ ದನಿಗೆ ಮಾತ್ರ ವಯಸ್ಸಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದರೆ ನಲವತ್ತರ ಹೆಂಗಸು ಅನ್ನಬೇಕು.

ಅಳತೆಯಕ್ಕ ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ನರ್ಸಾಗಿ ದುಡಿದಿದ್ದಳು. ರೋಗಿಗಳನ್ನು ಎತ್ತಿ ಇಳಿಸಿ ಬೆನ್ನು ಕೈಕೊಟ್ಟ ಮೇಲೆ ದೊಡ್ಡಾಸ್ಪತ್ರೆಯ ಸಂಶೋಧನೆಯ ಕೆಲಸಕ್ಕೆ ಬಂದಳು. ಎಪ್ಪತ್ತು ದಾಟಿ ಕೈಕಾಲು ಸೋತವರ ಮನೆಗೆ ಮೂರು ತಿಂಗಳಿಗೊಮ್ಮೆ ಹೋಗಬೇಕು. ತೂಕ ಎಷ್ಟು, ನಾಲ್ಕು ಮೀಟರ್ ನಡೆಯೋಕೆ ಎಷ್ಟು ಸೆಕೆಂಡು, ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆ, ಹಿಡಿತ ಎಷ್ಟು ಅಂತ ಬರೆದುಕೊಂಡು ಬರಬೇಕು. ಅರ್ಧ ಮನೆಗಳಿಗೆ ವ್ಯಾಯಾಮ ಹೇಳಿಕೊಟ್ಟು ಪೌಷ್ಟಿಕ ಪುಡಿಯ ಡಬ್ಬ ಕೊಡುತ್ತಾರೆ. ಉಳಿದರ್ಧಕ್ಕೆ ಒಂದು ಪುಸ್ತಕ, ಅಷ್ಟೆ. ಯಾರಿಗೆ ಏನು ಅನ್ನುವುದು ಕಂಪ್ಯೂಟರಿನ ಇಷ್ಟ. ಅಜ್ಜಿಗೆ ಡಬ್ಬ ಬಂದಿತ್ತು.

ಹಿಡಿಕೆಯನ್ನು ಹೇಗೆ ಹಿಸುಕಬೇಕು ಅನ್ನುವುದು ಅಜ್ಜಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗಳ ಕೈಗೆ ಅಳತೆಯಕ್ಕ ಅದನ್ನು ಕೊಟ್ಟಳು. "ನೀವೊಂದ್ಸಲ ಹಿಡಿದು ತೋರಿಸಿ ಅಕ್ಕ. ಇದ್ದ ಬಲ ಎಲ್ಲ ಹಾಕಿ."

ಮಗಳ ಹೆಸರು ಏನೇ ಇರಲಿ, ಅಜ್ಜಿ ಅವಳನ್ನು ಕರೆಯುತ್ತಿದ್ದದ್ದು ಮರಿ ಅಂತ. ಮರಿಗೆ ಅರವತ್ತನಾಲ್ಕು. ಮುದ್ರಣಾಲಯವೊಂದರಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಕೆಲಸ ಮಾಡಿದವಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹೊಸ್ತಿಲಲ್ಲೇ ನಿಂತುಹೋಗಿತ್ತು. ಮರಿ ತುಟಿ ಕಚ್ಚಿ, ಕಣ್ಣು ಮುಚ್ಚಿ ಹಿಸುಕಿದಳು. ಮುಳ್ಳು ಹತ್ತು ಕಿಲೋಗೆ ಹೋಗಿ ನಿಂತಿತು. ಆಮೇಲೆ ಅಜ್ಜಿ ಹಿಸುಕಿದಳು. ಹದಿನಾಲ್ಕು.

"ನೋಡು ಮರಿ, ಈಗಲೂ ನಿನ್ನ ಕಿವಿ ಹಿಂಡೋಕೆ ನನಗೆ ತ್ರಾಣ ಇದೆ" ಎಂದು ಅಜ್ಜಿ ನಕ್ಕಳು. ಮರಿಯೂ ನಕ್ಕಳು. ಅಳತೆಯಕ್ಕನಿಗೆ ನಗು ಬರಲಿಲ್ಲ. ಯಂತ್ರ ಕೆಟ್ಟಿದೆಯೋ ನೋಡೋಣ ಅಂತ ನೆವ ಹೇಳಿ ಮರಿಯ ಎಡಗೈ ಅಳೆದಳು, ಒಂಬತ್ತು. ತೂಕದ ಯಂತ್ರದ ಮೇಲೆ ನಿಲ್ಲಿಸಿದಳು, ಮೂವತ್ತೆಂಟು ಕಿಲೋ.

"ಮುಂಚೆ ಎಷ್ಟಿದ್ರಿ?"

"ಯಾರು ನೋಡಿದ್ರು ಸಿಸ್ಟರ್. ಬಟ್ಟೆ ಎಲ್ಲ ದೊಗಳೆ ಆಗ್ತಿತ್ತು. ಒಗೆದು ಒಗೆದು ಹಿಗ್ಗಿದೆ ಅಂದ್ಕೊಂಡಿದ್ದೆ."

ಆ ಮನೆಯ ಬಚ್ಚಲಿಗೆ ಇಳಿಯಲು ಒಂದು ಗೇಣು ಎತ್ತರದ ಮೆಟ್ಟಿಲಿತ್ತು. ದಿನಕ್ಕೆ ಐದಾರು ಸಲ ಮರಿ ಅಮ್ಮನನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಆ ಮೆಟ್ಟಿಲು ಇಳಿಸಿ, ಮತ್ತೆ ಹತ್ತಿಸಬೇಕು. ಅಜ್ಜಿಯ ತೂಕ ಐವತ್ತೊಂದು. ವಾರ್ಡಿನ ಲೆಕ್ಕದಲ್ಲಿ ಅದು ಇಬ್ಬರ ಕೆಲಸ.

ಮರುದಿನ ಅಳತೆಯಕ್ಕ ಸಂಶೋಧನೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಒಳ್ಳೆಯ ಮನುಷ್ಯ, ಯಾರು ಬಂದರೂ ಕೂರಿಸಿ ಮಾತಾಡುವವರು.

"ಸಾರ್, ನಾವು ತಾಯಿಯನ್ನ ಸೇರಿಸ್ಕೊಂಡಿದ್ದೀವಿ. ಸೋತಿರೋದು ಮಗಳು."

ಡಾಕ್ಟರು ಅಂಕಿಗಳನ್ನು ನೋಡಿದರು. "ವಯಸ್ಸು?"

"ಅರವತ್ತನಾಲ್ಕು."

"ಎಪ್ಪತ್ತು ತುಂಬಿರಬೇಕಲ್ಲಮ್ಮ."

"ಹಾಗಾದ್ರೆ ಆರು ವರ್ಷ ಬಿಟ್ಟು ಸೋಲಿ ಅಂತ ಹೇಳಿ ಬರ್ಲಾ ಸಾರ್?"

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಒಬ್ಬರಿಗೋಸ್ಕರ ನಿಯಮ ಸಡಿಲ ಮಾಡಿದ್ರೆ ಆರುನೂರು ಜನರ ಕೆಲಸ ನೀರಲ್ಲಿ ಹೋಮ ಆಗುತ್ತೆ. ನಿನಗೂ ಗೊತ್ತು. ಹೊರರೋಗಿ ವಿಭಾಗಕ್ಕೆ ಒಂದು ಕಾಗದ ಬರೆದುಕೊಡ್ತೀನಿ. ನನ್ನ ಕೈಲಾಗೋದು ಅಷ್ಟೇ." ಅವರು ಸುಳ್ಳು ಹೇಳುತ್ತಿಲ್ಲ ಅಂತ ಅವಳಿಗೆ ಗೊತ್ತಿತ್ತು. ಬೈಯೋಣವೆಂದರೆ ಬೈಯಿಸಿಕೊಳ್ಳುವ ಮುಖವೂ ಅಲ್ಲ.

ಅಜ್ಜಿಗೆ ಒಬ್ಬ ಮಗನಿದ್ದ. ಊರಿನ ಇನ್ನೊಂದು ತುದಿಯಲ್ಲಿ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದ. ಅಳತೆಯಕ್ಕ ಫೋನ್ ಮಾಡಿದಾಗ ಅವನು ಡಯಾಲಿಸಿಸ್ ಕೋಣೆಯ ಹೊರಗಿದ್ದ. ಹೆಂಡತಿಯ ಎರಡೂ ಮೂತ್ರಪಿಂಡ ಕೆಟ್ಟು ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಅಲ್ಲಿಗೆ ಕರೆತರಬೇಕು.

"ನಮ್ಮಕ್ಕ ಗಟ್ಟಿ ಸಿಸ್ಟರ್. ಚಿಕ್ಕಂದಿನಿಂದಲೂ ಅವಳು ಒಣಕಲೇ" ಎಂದ. ಆಮೇಲೆ, "ನನ್ನನ್ನ ಸೀಳಿ ಎರಡು ಮಾಡಿದ್ರೂ ಸಾಲಲ್ಲ. ಭಾನುವಾರ ಹೋಗಿ ಅಮ್ಮನ ತಲೆ ತೊಳೆದು ಬರ್ತೀನಿ. ಅಷ್ಟು ಮಾಡ್ತಿದ್ದೀನಿ" ಎಂದ.

ಡಾಕ್ಟರು ಕಾಗದ ಕೊಟ್ಟ ಎರಡು ತಿಂಗಳಿಗೆ ಮರಿ ಆಸ್ಪತ್ರೆಗೆ ಹೋಗುವ ದಿನ ಗೊತ್ತಾಯಿತು. ಆದರೆ ಅಮ್ಮನ ಹತ್ತಿರ ಯಾರಿರಬೇಕು? ಮನೆಯವರ ಸ್ವಂತ ಕೆಲಸಕ್ಕೆ ನಿಲ್ಲಕೂಡದು ಅಂತ ಅಳತೆಯಕ್ಕನ ಕೆಲಸದ ನಿಯಮದಲ್ಲೇ ಇತ್ತು. ಆದರೂ ಅಳತೆಯಕ್ಕ ಆವತ್ತು ರಜೆ ಹಾಕಿ, ತಾನೇ ಹೋಗಿ ಅಜ್ಜಿಯ ಪಕ್ಕ ಕೂತಳು. ಮರಿ ಬಾಗಿಲವರೆಗೆ ಹೋಗಿ ಮೂರು ಸಲ ವಾಪಸು ಬಂದಳು. ಮಾತ್ರೆ ಎಲ್ಲಿದೆ, ನೀರು ಎಷ್ಟು ಬೆಚ್ಚಗಿರಬೇಕು, ಎಡಗಾಲು ಮೊದಲು ಊರಿಸಬೇಕು ಅಂತೆಲ್ಲ ಹೇಳಿದಳು. ಕೊನೆಗೆ ಅಜ್ಜಿಯೇ, "ಹೋಗೇ ಮಾರಾಯ್ತಿ, ನಾನೇನು ಓಡಿಹೋಗ್ತೀನಾ" ಅಂತ ಅಟ್ಟಿದಳು.

ಮರಿ ಹೋದ ಮೇಲೆ ಅಜ್ಜಿಯ ದನಿ ಇಳಿಯಿತು.

"ಅವಳು ತಿನ್ನಲ್ಲ ಕಣೇ. ನನ್ನ ತಟ್ಟೆ ಖಾಲಿ ಆಗೋವರೆಗೂ ಎದುರು ಕೂತಿರ್ತಾಳೆ. ಆಮೇಲೆ ತಟ್ಟೆ ತೊಳೆಯೋಕೆ ಒಳಗೆ ಹೋಗ್ತಾಳೆ. ತಿಂದ್ಯಾ ಅಂದ್ರೆ ಅಡುಗೆಮನೇಲೇ ತಿಂದೆ ಅಂತಾಳೆ. ಎದ್ದು ಹೋಗಿ ನೋಡೋಣ ಅಂದ್ರೆ ಕಾಲಿಲ್ಲ. ಅವಳಿಗೆ ಅದು ಗೊತ್ತು."

"ನೀವು ಗದರಿಸಿ ಅಜ್ಜಿ."

"ಗದರಿಸ್ತೀನಿ. ಅಮ್ಮ ಗದರಿಸಿದ್ಳು ಅಂತ ಅಳೋ ವಯಸ್ಸಾ ಅವಳದು? ನಾನು ಬೇಗ ಹೋಗಿಬಿಟ್ರೆ ಅವಳು ನಾಲ್ಕು ದಿನ ಮಲಗಿ ನಿದ್ದೆ ಮಾಡಬಹುದು. ಅದೂ ನನ್ನ ಕೈಲಿಲ್ಲ."

ಅಳತೆಯಕ್ಕ ಅಜ್ಜಿಯ ಸೆರಗು ಸರಿಮಾಡಿದಳು. ವಾರ್ಡಿನಲ್ಲಾದರೆ ದಿಂಬು ಸರಿಮಾಡಿ ಎದ್ದುಹೋಗಬಹುದಿತ್ತು.

ನಾಲ್ಕು ಗಂಟೆ ಕಳೆದು ಮರಿ ಬಂದಳು. ಬಂದವಳೇ ಗೋಡೆ ಹಿಡಿದು ನಿಂತಳು.

"ಏನಂದ್ರು?"

"ರಕ್ತ ತಗೊಂಡ್ರು. ಸ್ಕ್ಯಾನಿಗೆ ಏಳು ವಾರ ಬಿಟ್ಟು ಬರಬೇಕಂತೆ. ಶಕ್ತಿಯ ಮಾತ್ರೆ ಕೊಟ್ಟಿದ್ದಾರೆ." ಮರಿ ಚಪ್ಪಲಿ ಬಿಡುತ್ತ ಸಣ್ಣಗೆ ನಕ್ಕಳು. "ಚೆನ್ನಾಗಿ ನಿದ್ದೆ ಮಾಡಿ, ಭಾರ ಎತ್ತಬೇಡಿ ಅಂದ್ರು." ಆಮೇಲೆ ಅಮ್ಮನ ಕಡೆ ತಿರುಗಿ, "ಕೇಳಿಸ್ತಾ ಭಾರ? ಬಚ್ಚಲಿಗೆ ಹೋಗ್ಬೇಕಾ?" ಎಂದಳು.

ಮೂರು ತಿಂಗಳ ಭೇಟಿಗೆ ಹೋದಾಗ ಅಜ್ಜಿಯ ಅಂಕಿಗಳು ಹಿಗ್ಗಿದ್ದವು. ಕೈ ಊರದೆ ಮೂರು ಸಲ ಎದ್ದಳು. ಹಿಡಿತ ಹದಿನಾರು. ನಾಲ್ಕು ಮೀಟರಿನ ನಡಿಗೆಯಲ್ಲಿ ಎರಡು ಸೆಕೆಂಡು ಇಳಿದಿತ್ತು. ದಿನಾ ಎರಡು ಹೊತ್ತು ಮರಿ ಎದುರು ನಿಂತು ಒಂದು, ಎರಡು ಅಂತ ಎಣಿಸಿ ವ್ಯಾಯಾಮ ಮಾಡಿಸಿದ್ದಳು. ಪುಡಿಯನ್ನು ಗಂಟಿಲ್ಲದ ಹಾಗೆ ಕಲಸಿ ಕುಡಿಸಿದ್ದಳು. ಸಂಶೋಧನೆಯವರು ಚೌಕಟ್ಟು ಹಾಕಿ ತೋರಿಸಬಹುದಾದಂಥ ಮನೆ ಅದು.

ಮರಿಯ ಕೊರಳಿನ ಮೂಳೆಗಳ ಮಧ್ಯೆ ಹಳ್ಳ ಬಿದ್ದಿತ್ತು. ಅಡುಗೆಮನೆಯಲ್ಲಿ ಅಳತೆಯಕ್ಕ ಅವಳ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಅಕ್ಕ, ಆ ಡಬ್ಬದಿಂದ ದಿನಾ ಎರಡು ಚಮಚ ನೀವೂ ಕುಡೀರಿ. ನಾನು ನೋಡಿಲ್ಲ, ನೀವು ಹೇಳಿಲ್ಲ."

ಮರಿ ಗಾಬರಿಯಾದಳು. "ಅಯ್ಯೋ, ಬೇಡ ಸಿಸ್ಟರ್. ಅಮ್ಮನ ಡಬ್ಬ ಅದು. ನಾನು ಕುಡಿದು, ನೀವು ಅಮ್ಮ ಕುಡಿದ್ರು ಅಂತ ಬರ್ಕೊಂಡ್ರೆ, ಲೆಕ್ಕ ತಪ್ಪಲ್ವಾ? ಮುಂದೆ ಎಷ್ಟೋ ಜನಕ್ಕೆ ಅದನ್ನ ನೋಡಿ ಔಷಧಿ ಕೊಡ್ತಾರೆ ಅಂದಿದ್ರಿ ನೀವೇ." ಮೂವತ್ತು ವರ್ಷ ಪುಟಗಳ ಅನುಕ್ರಮ ತಪ್ಪದ ಹಾಗೆ ಹೊಲಿದ ಕೈ ಅದು. ಆ ಹೆಂಗಸಿನ ಹತ್ತಿರ ಒಂದು ಸಣ್ಣ ಮೋಸ ಮಾಡಿಸುವುದೂ ಅಳತೆಯಕ್ಕನಿಂದ ಆಗಲಿಲ್ಲ. ಮುಂದಿನ ವಾರ ಅಂಗಡಿಯಲ್ಲಿ ಅಂಥದ್ದೇ ಒಂದು ಡಬ್ಬ ಕೊಂಡು ಕೊಟ್ಟು ಬಂದಳು. ಮರಿ ಅದನ್ನು ಕಣ್ಣಿಗೊತ್ತಿಕೊಂಡು ಕಪಾಟಿನಲ್ಲಿ ಜೋಪಾನವಾಗಿ ಇಟ್ಟಳು. ತೆರೆದಳೋ ಇಲ್ಲವೋ ತಿಳಿಯದು.

ಸ್ಕ್ಯಾನಿನ ದಿನ ಮರಿ ಹೋಗಲಿಲ್ಲ. ಅವತ್ತು ಅಜ್ಜಿಗೆ ಭೇದಿಯಾಗಿತ್ತು. ಹೊಸ ದಿನಾಂಕ ಕೊಡಲು ಇನ್ನೂ ಆರು ವಾರ ಅಂದರು.

ಆ ಆರು ವಾರ ತುಂಬಲಿಲ್ಲ. ಒಂದು ಬೆಳಗ್ಗೆ ಬಚ್ಚಲ ಮೆಟ್ಟಿಲು ಹತ್ತುವಾಗ ಮರಿಯ ಮೊಣಕಾಲು ಮಡಚಿಕೊಂಡಿತು. ಅಮ್ಮನನ್ನು ಬಿಟ್ಟಿದ್ದರೆ ಗೋಡೆ ಹಿಡಿಯಬಹುದಿತ್ತೇನೋ. ಬಿಡಲಿಲ್ಲ. ಮರಿ ಕೆಳಗೆ, ಅಜ್ಜಿ ಮೇಲೆ. ಅಜ್ಜಿಗೆ ಮೊಣಕೈ ತರಚಿತು, ಮರಿಯ ಸೊಂಟದ ಮೂಳೆ ಮುರಿಯಿತು. ಅಜ್ಜಿ ಆ ಒದ್ದೆ ನೆಲದಲ್ಲೇ ಕೂತು, ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಗಂಟೆ ಕೂಗಿದಳು. ಆ ಗಟ್ಟಿ ದನಿಯೇ ಕೊನೆಗೆ ಎದುರುಮನೆಯವರನ್ನು ಕರೆತಂದಿತು.

ಸೊಂಟದ ಆಪರೇಷನ್ ಆಯಿತು. ಅಳತೆಯಕ್ಕ ವಾರ್ಡಿಗೆ ಹೋಗಿ ನೋಡಿದಾಗ ಮರಿ ಬಿಳಿ ಹೊದಿಕೆಯ ಕೆಳಗೆ ಇದ್ದಾಳೋ ಇಲ್ಲವೋ ಅನ್ನುವಷ್ಟಿದ್ದಳು. "ಮೂರು ದಿನದಿಂದ ಮಲಗಿದ್ದೀನಿ ಸಿಸ್ಟರ್, ಎಷ್ಟು ನಿದ್ದೆ ಅಂತೀರಿ" ಎಂದಳು. "ಅಮ್ಮಂಗೆ ಎಡಗಾಲು ಮೊದಲು ಊರಿಸಬೇಕು. ತಮ್ಮಂಗೆ ಹೇಳಿದ್ರೆ ಅವನು ಮರೀತಾನೆ. ನೀವು ಬರೆದುಕೊಡಿ ಅವನಿಗೆ."

ಅಳತೆಯಕ್ಕ ಬರೆದುಕೊಟ್ಟಳು. ಹನ್ನೊಂದನೆಯ ದಿನ ಮರಿಯ ಪುಪ್ಪುಸಕ್ಕೆ ರಕ್ತದ ಹೆಪ್ಪು ಹೋಗಿ ಕೂತಿತು. ಮಧ್ಯಾಹ್ನ ಊಟದ ಗಾಡಿ ಬರುವ ಹೊತ್ತಿಗೆ ಜೀವ ಹೋಗಿತ್ತು.

ಅಜ್ಜಿಯನ್ನು ಮಗ ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಿದ್ದ. ಆರು ತಿಂಗಳ ಭೇಟಿಗೆ ಅಳತೆಯಕ್ಕ ಅಲ್ಲಿಗೇ ಹೋಗಬೇಕಾಯಿತು. ಹೊರಗಿನ ಬೆಂಚಿನ ಮೇಲೆ ಮಗ ಕಾಯುತ್ತ ಕೂತಿದ್ದ. ಗಡ್ಡ ಬೆಳೆದಿತ್ತು.

"ಅಮ್ಮಂಗೆ ಇನ್ನೂ ಹೇಳಿಲ್ಲ. ಅಕ್ಕ ಆಸ್ಪತ್ರೇಲಿದ್ದಾಳೆ ಅಂತಲೇ ಅಂದಿದ್ದೀನಿ. ನೀವೂ ಬಾಯಿಬಿಡಬೇಡಿ ಸಿಸ್ಟರ್, ಕೈಮುಗೀತೀನಿ."

ಒಳಗೆ ಆರು ಹಾಸಿಗೆಯ ಕೋಣೆ. ಅಜ್ಜಿ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದಳು. ಎಬ್ಬಿಸುವವರಿಗೆ ಪುರುಸೊತ್ತಿಲ್ಲ, ಹಾಗಾಗಿ ಬೆಳಗ್ಗೆ ಕೂರಿಸಿದರೆ ಸಂಜೆಯೇ ಮಲಗಿಸುವುದು. ತೂಕ ಏಳು ಕಿಲೋ ಇಳಿದಿತ್ತು. ಹಿಡಿತ ಎಂಟು. ಕುರ್ಚಿಯಿಂದ ಏಳಲು ಹೋಗಿ ಹಾಗೇ ಕುಸಿದಳು. ಅಳತೆಯಕ್ಕ ಆ ಚೌಕದಲ್ಲಿ ಸೊನ್ನೆ ಬರೆದಳು.

ಆಮೇಲೆ ಪ್ರಶ್ನೆಗಳು. ಊಟ ಸೇರುತ್ತಾ, ನಿದ್ದೆ ಬರುತ್ತಾ, ಬಿದ್ದಿದ್ದೀರಾ ಅಂತ ಒಂದೊಂದೇ ಕೇಳುತ್ತ ಹದಿನೇಳನೆಯದರ ಹತ್ತಿರ ಬಂದು ಅವಳು ನಿಂತಳು. 'ಕಳೆದ ಮೂರು ತಿಂಗಳಲ್ಲಿ ನಿಮ್ಮ ಹತ್ತಿರದವರು ಯಾರಾದರೂ ತೀರಿಕೊಂಡಿದ್ದಾರೆಯೇ?' ಹೌದು, ಇಲ್ಲ, ಎರಡೇ ಚೌಕ. ನೂರಾರು ಮನೆಗಳಲ್ಲಿ ಕೇಳಿದ ಪ್ರಶ್ನೆ. ಅವಳು ಹಾಳೆ ಮಗುಚಿ ಹದಿನೆಂಟನೆಯದನ್ನು ಓದಿದಳು.

"ಒಂದು ಬಿಟ್ಟೆ" ಎಂದಳು ಅಜ್ಜಿ. "ಹೋದ ಎರಡು ಸಲವೂ ಅದನ್ನ ಕೇಳಿದ್ದೆ ನೀನು. ಇಲ್ಲ ಅಂದಿದ್ದೆ ನಾನು."

ಅಳತೆಯಕ್ಕ ಹಾಳೆಯಿಂದ ತಲೆ ಎತ್ತಲಿಲ್ಲ.

"ಮೂವತ್ತು ವರ್ಷ ಮುಖ ಕಾಣದ ಜನರ ದನಿ ಕೇಳಿ ಸಂಬಳ ತಗೊಂಡೋಳು ನಾನು. ಮಗ ದಿನಾ ಫೋನಲ್ಲಿ ಅಕ್ಕ ಚೆನ್ನಾಗಿದ್ದಾಳೆ ಅಂತಾನೆ. ಅವನ ದನಿ ಖಾಲಿಯಾದ ಮನೆಯ ಹಾಗೆ ಕೇಳಿಸುತ್ತೆ." ಅಜ್ಜಿ ಕೈ ಚಾಚಿ ಹಾಳೆಯನ್ನು ಹಿಂದಕ್ಕೆ ಮಗುಚಿದಳು. "ಬರ್ಕೋ. ಲೆಕ್ಕ ತಪ್ಪಿದ್ರೆ ಮರಿಗೆ ಆಗ್ತಿರಲಿಲ್ಲ."

ಅಳತೆಯಕ್ಕ ಹೌದು ಎಂಬ ಚೌಕದಲ್ಲಿ ಗುರುತು ಹಾಕಿದಳು. ಅಜ್ಜಿ ಅದನ್ನು ನೋಡಿದಳು. ಅಳಲಿಲ್ಲ. ಎಷ್ಟನೇ ತಾರೀಖು ಅಂತ ಕೇಳಿದಳು, ನೋವಿತ್ತಾ ಅಂತ ಕೇಳಿದಳು. ಇರಲಿಲ್ಲ ಅಂತ ಅಳತೆಯಕ್ಕ ಹೇಳಿದಳು. ಅದು ನಿಜವೋ ಅವಳಿಗೂ ಗೊತ್ತಿರಲಿಲ್ಲ. ಇನ್ನೂ ಹನ್ನೆರಡು ಪ್ರಶ್ನೆ ಉಳಿದಿದ್ದವು. ಅಜ್ಜಿ ಎಲ್ಲಕ್ಕೂ ಉತ್ತರ ಕೊಟ್ಟಳು.

ಹೊರಗೆ ಬಂದಾಗ ಮಗ ಎದ್ದುನಿಂತ. ಅವಳ ಮುಖ ನೋಡಿ, "ಹೇಳಿಬಿಟ್ರಾ?" ಎಂದ.

"ನಾನು ಹೇಳಬೇಕಾಗಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು."

ಅವನು ಮತ್ತೆ ಬೆಂಚಿನ ಮೇಲೆ ಕೂತ. ಗಡಿಯಾರ ನೋಡಿಕೊಂಡ. ಎರಡು ಗಂಟೆಗೆ ಹೆಂಡತಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಒಂದೂ ಕಾಲು ಆಗಿತ್ತು.

"ಒಳಗೆ ಹೋಗಿ ಏನು ಹೇಳ್ಲಿ ಸಿಸ್ಟರ್?"

"ಗೊತ್ತಿಲ್ಲ ಅಣ್ಣ" ಎಂದಳು ಅಳತೆಯಕ್ಕ. ಅವಳ ಮುಂದಿನ ಮನೆ ಮೂರು ಬಸ್ ಸ್ಟಾಪ್ ಆಚೆ ಇತ್ತು. ಆದರೂ ಅವಳು ಹೊರಡಲಿಲ್ಲ. ಚೀಲವನ್ನು ಕೆಳಗಿಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅವನೇ ಎದ್ದು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಒಳಗೆ ಹೋದ.