ಓಣಿಯ ಅಗಲ

ಉಪ್ಪುಗಾಳಿಗೆ ಸವೆದು ಬಿದ್ದ ಕಾಂಪೌಂಡು ಗೋಡೆಯನ್ನು ಮತ್ತೆ ಕಟ್ಟಲು ಮೇಸ್ತ್ರಿ ಗೂಟ ನೆಟ್ಟು ದಾರ ಎಳೆದಿದ್ದ. ದಾರ ಹಳೆಯ ಗೋಡೆಗಿಂತ ಒಂದು ಗೇಣು ಓಣಿಯೊಳಗಿತ್ತು. ಆ ಮನೆಯ ಹಲ್ಲಿನ ಡಾಕ್ಟರಮ್ಮ ಹೀಗೇಕೆಂದು ಕೇಳಿದ್ದಕ್ಕೆ ಮೇಸ್ತ್ರಿಗೇ ಆಶ್ಚರ್ಯ. ಇಲ್ಲಿ ಎಲ್ಲರ ಮನೆಗೂ ಹೀಗೇ ಕಟ್ಟುವುದಂತೆ.

ಸುಳ್ಳಲ್ಲ. ಕಡಲಂಚಿನ ಆ ಪುಟ್ಟ ಕೇರಿಯ ಚರಿತ್ರೆಯೆಂದರೆ ಗೋಡೆಗಳ ಚರಿತ್ರೆ. ಮೊದಲು ಅಲ್ಲಿದ್ದದ್ದು ಮೀನುಗಾರರ ಗುಡಿಸಲುಗಳು. ಗಾಳಿ ಒಳ್ಳೆಯದೆಂದು ವಕೀಲರು, ವೈದ್ಯರು, ಹಡಗಿನ ಕ್ಯಾಪ್ಟನ್ನರು ಬಂದರು. ಎಲ್ಲರೂ ಸಭ್ಯರು, ಪರರ ಜಾಗ ಕಬಳಿಸಿದವರಲ್ಲ. ಹೊಸದಾಗಿ ಕಟ್ಟಿಸಿದಾಗಲೆಲ್ಲ ಗೋಡೆ ತಾನಾಗಿ ಒಂದು ಗೇಣು ಮುಂದೆ ಬರುತ್ತಿತ್ತು, ಅಷ್ಟೆ. ಎರಡು ದೋಣಿಗಳು ಎದುರುಬದುರು ಹೋಗುತ್ತಿದ್ದ ಓಣಿಯಲ್ಲಿ ಈಗ ಒಂದನ್ನು ವಾಲಿಸಿಕೊಂಡೇ ಒಯ್ಯಬೇಕು.

ಒಯ್ಯುವವನೂ ಒಬ್ಬನೇ ಉಳಿದಿದ್ದ. ದಡದಲ್ಲಿ ದೋಣಿ ಇಟ್ಟರೆ ನೋಟ ಕೆಡುತ್ತದೆಂದು ಕೇರಿಯ ಸಂಘ ಆಕ್ಷೇಪಿಸಿದ್ದರಿಂದ ದೋಣಿಯಣ್ಣ ಅದನ್ನು ತನ್ನ ಹಿತ್ತಲಲ್ಲಿಟ್ಟು, ದಿನಾ ಭಾವಮೈದುನರ ಜೊತೆ ಹೊತ್ತು ತರುತ್ತಿದ್ದ. ಅವನು ಬಂದು ದಾರದ ಪಕ್ಕ ನಿಂತ.

“ಇಲ್ಲಿ ಗೋಡೆ ಎದ್ರೆ ನನ್ನ ದೋಣಿ ಹಿತ್ತಲು ಬಿಟ್ಟು ಬರಲ್ಲ ಡಾಕ್ಟರಮ್ಮ. ಅದ್ರಲ್ಲಿ ಕೋಳಿ ಸಾಕ್ಬೇಕಷ್ಟೆ.”

ಜಗಲಿಯಲ್ಲಿದ್ದ ವಕೀಲ ಮಾವ ಪೇಪರ್ ಇಳಿಸಿದರು. “ಅಲ್ಲಮ್ಮ, ನಾವೊಬ್ರು ಬಿಟ್ರೆ ಓಣಿ ಅಗಲ ಆಗತ್ತಾ? ಎದುರುಮನೆ ಕ್ಯಾಪ್ಟನ್ ಎರಡು ಸಲ ಮುಂದೆ ಬಂದಿದಾನೆ. ಬಿಟ್ಟವರೇ ದಡ್ಡರಾಗ್ತಾರೆ.”

ಮಾತಿನಲ್ಲಿ ಹುರುಳಿತ್ತು. ಆ ಗೇಣು ಜಾಗದಲ್ಲಿ ಗುಲಾಬಿ ಹಾಕುವ ಆಸೆ ಡಾಕ್ಟರಮ್ಮನಿಗೂ ಇತ್ತು. ಆಕೆ ಬಿದ್ದ ಗೋಡೆಯ ಒಳಬದಿಯಲ್ಲಿ ಅಗೆಯಲು ಹೇಳಿದಳು. ಮಣ್ಣಿನಡಿ ಹಳೆಯ ಪಾಯಗಳು ಒಂದರ ಹಿಂದೊಂದು ಕಂಡವು, ಒಸಡಿನೊಳಗೆ ಮುರಿದುಳಿದ ಬೇರುಗಳಂತೆ.

“ಮಾವ, ಮೊನ್ನೆ ಬಿದ್ದದ್ದು ನೀವು ಕಟ್ಸಿದ್ದು. ಅದರ ಹಿಂದಿಂದು?”

“ನಮ್ಮಪ್ಪಂದು.”

“ಅದಕ್ಕೂ ಹಿಂದಿಂದು?”

ಮಾವ ಪೇಪರಿನೊಳಗೆ ಮುಖ ಹುದುಗಿಸಿದರು.

ದಾರ ಎಲ್ಲಕ್ಕಿಂತ ಒಳಗಿನ ಪಾಯಕ್ಕೆ ಹೋಯಿತು. ಅಳತೆ ತಪ್ಪಿದೆಯೆಂದು ಮೇಸ್ತ್ರಿ ಎರಡು ಸಲ ಎಚ್ಚರಿಸಿದ. ಎರಡು ಸಲವೂ ಆಕೆ ಸರಿಯಿದೆಯೆಂದಳು.

ಗೋಡೆ ಎದ್ದ ವಾರ ದೋಣಿ ಅವಳ ಮನೆಯನ್ನು ಆರಾಮಾಗಿ ದಾಟಿತು. ಮುಂದೆ, ಕ್ಯಾಪ್ಟನ್ನರ ಗೋಡೆ ಇನ್ನಷ್ಟು ಉಬ್ಬಿದ್ದಲ್ಲಿ ಎಂದಿನಂತೆ ಸಿಕ್ಕಿಕೊಂಡಿತು. ಡಾಕ್ಟರಮ್ಮ ಕ್ಲಿನಿಕ್ಕಿಗೆ ಹೊರಟವಳು ಬ್ಯಾಗು ಕೆಳಗಿಟ್ಟು ದೋಣಿಗೆ ಹೆಗಲು ಕೊಟ್ಟಳು. ಕ್ಯಾಪ್ಟನ್ನರು ಗೇಟಿಗೆ ಬಂದು, ಮೊನ್ನೆ ತಾನೇ ಬಳಿಸಿದ ಬಣ್ಣ ಕಿತ್ತುಬರುತ್ತಿದೆಯೆಂದರು.

“ಬರ್ಲಿ ಬಿಡಿ ಸಾರ್,” ಎಂದಳು ಆಕೆ, ತಳ್ಳುತ್ತಲೇ. “ನಿಮ್ಮ ಹಳೇ ಪಾಯ ಎಲ್ಲಿದೆ ಅಂತ ಸಂಜೆ ಇಬ್ರೂ ಸೇರಿ ಅಗೆದು ನೋಡೋಣ.”