ನಾಲ್ಕು ಬೆರಳಿನ ಅಂತರ

ಹಲಗೆ ಕೂಡಿದ್ದು ಮೊದಲು ಕಂಡಿತು. ಸದ್ದು ಆಮೇಲೆ ಬಂತು.

ಅಷ್ಟರಲ್ಲಿ ಗಡಿಯಾರ ರಿಪೇರಿಯವನ ಹೆಬ್ಬೆರಳು ಸ್ಟಾಪ್‌ವಾಚಿನ ಗುಂಡಿ ಒತ್ತಿಯಾಗಿತ್ತು. ನೂರು ಮೀಟರ್ ಆಚೆ ಕೋಚಮ್ಮ ತಲೆಯ ಮೇಲೆ ಎತ್ತಿ ಹಿಡಿದ ಎರಡು ಮರದ ಹಲಗೆಗಳು, ಅವುಗಳ ಒಳಮೈಗೆ ಬಳಿದ ಕೆಂಪು ಬಣ್ಣ, ಆ ಕೆಂಪು ತಟ್ಟನೆ ಮುಚ್ಚಿಹೋದದ್ದು, ಎಲ್ಲವೂ ಬಿಡಿಬಿಡಿಯಾಗಿ ಕಂಡವು. ಮಗಳು ನೆಲ ಬಿಟ್ಟು ಏಳುತ್ತಿದ್ದುದೂ ಕಂಡಿತು. ಮೆರವಣಿಗೆ ಮುಂದೆ ಹೋದ ಮೇಲೆ ಎದ್ದುಬಿದ್ದು ಓಡಿಬರುವವನ ಹಾಗೆ ‘ಟಪ್’ ಎಂಬ ಸದ್ದು ಆಮೇಲೆ ಬಂದು ಕಿವಿ ಮುಟ್ಟಿತು.

ಮಗಳು ಗೆರೆ ದಾಟಿದಳು. ಅವನು ಮತ್ತೆ ಗುಂಡಿ ಒತ್ತಿದ. ಮುಳ್ಳು ಹನ್ನೆರಡು ಪಾಯಿಂಟ್ ಎಂಟರಲ್ಲಿ ನಿಂತಿತ್ತು.

“ಎಷ್ಟಪ್ಪಾ?” ಮಗಳು ಮಂಡಿಗೆ ಕೈಯೂರಿ, ಬಗ್ಗಿಕೊಂಡೇ ಕೇಳಿದಳು.

“ಒತ್ತೋದು ತಪ್ಪಿತು ಕಣಮ್ಮ.”

“ಅಯ್ಯೋ, ಎಂಥಾ ಓಟ ಗೊತ್ತಾ ಅದು! ಹಾಳು ಮಾಡಿದೆ.”

ಕೋಚಮ್ಮ ಹಲಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ನಡೆದು ಬಂದರು. “ಬಿಡೇ, ಮೂರು ವಾರ ಆಯ್ತು ಅವರು ವಾಚು ಮುಟ್ಟಿ. ಹತ್ತು ನಿಮಿಷ ಸುಧಾರಿಸ್ಕೊ, ಇನ್ನೊಂದು ಓಡು. ಕಣ್ಣು ಹೇಗಿದೆ ಗಡಿಯಾರದವರೇ?”

“ಚೆನ್ನಾಗಿ ಕಾಣುತ್ತೆ ಮೇಡಂ.”

“ಮತ್ತಿನ್ನೇನು!”

ಚೆನ್ನಾಗಿಯೇ ಕಾಣುತ್ತಿತ್ತು. ತಾಪತ್ರಯವೇ ಅದು.

ಕೋಚಮ್ಮ ಈ ಮೈದಾನಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು. ಆಕೆಯದು ಒಂದೇ ಹಟ: ಓಟದ ವೇಗವನ್ನು ಕಲಿಸಬಹುದು. ಹತ್ತೊಂಬತ್ತರ ವಯಸ್ಸಿನಲ್ಲಿ ಆಕೆಯನ್ನು ಆಯ್ಕೆಯಿಂದ ಕೈಬಿಟ್ಟ ಅಧಿಕಾರಿಯೊಬ್ಬ, “ದಮ್ಮು ಕಲಿಸಬಹುದು ತಾಯಿ, ವೇಗ ಕಲಿಸೋಕಾಗಲ್ಲ, ಅದನ್ನ ಹೊಟ್ಟೆಯಿಂದಲೇ ತರಬೇಕು” ಎಂದಿದ್ದನಂತೆ. ಆ ಮನುಷ್ಯ ಬದುಕಿದ್ದಾನೋ ಇಲ್ಲವೋ ಯಾರಿಗೆ ಗೊತ್ತು. ಕೋಚಮ್ಮ ಮಾತ್ರ ಅವನ ಜೊತೆ ದಿನಾ ಬೆಳಗ್ಗೆ ವಾದ ಮಾಡುತ್ತಲೇ ಇದ್ದರು. ಇಪ್ಪತ್ತು ವರ್ಷದಲ್ಲಿ ಹುಡುಗಿಯರು ಬಂದರು, ಒಂದಿಷ್ಟು ಓಡಿದರು, ನೌಕರಿಗೋ ಮದುವೆಗೋ ಹೊರಟುಹೋದರು. ವಾದ ಗೆದ್ದುಕೊಟ್ಟವರು ಒಬ್ಬರೂ ಇರಲಿಲ್ಲ, ಈ ಹುಡುಗಿ ಬರುವ ತನಕ.

ಸಾಮಾನು ಕೋಣೆಯ ಹಸಿರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅವಳ ಅಂಕಿಗಳು ಸಾಲಾಗಿ ಇಳಿದಿದ್ದವು. ಹೋದ ವರ್ಷದ ಮೊದಲ ದಿನ ಹನ್ನೆರಡು ಒಂಬತ್ತು. ಆಮೇಲೆ ಎಂಟು, ಏಳು, ಆರು. ಈಗ ಎರಡು ತಿಂಗಳಿಂದ ಹನ್ನೆರಡೂವರೆ. ಆಯ್ಕೆ ಶಿಬಿರಕ್ಕೆ ಬೇಕಾದದ್ದು ಹನ್ನೆರಡು ಆರು. ಕಾಯಿ ಹಣ್ಣಾಗುವ ಮೊದಲು ಕೀಳಬಾರದೆಂದು ಕೋಚಮ್ಮ ಅವಳನ್ನು ವರ್ಷವಿಡೀ ಯಾವ ಸ್ಪರ್ಧೆಗೂ ಬಿಟ್ಟಿರಲಿಲ್ಲ. “ಕತ್ತೇನ ತಿಕ್ಕಿ ತೊಳೆದ್ರೆ ಕುದುರೆ ಆಗುತ್ತಾ ಭಾವ?” ಎಂದು ಮೊದಮೊದಲು ನಗುತ್ತಿದ್ದ ಹುಡುಗಿಯ ಸೋದರಮಾವ ಕೂಡ ಆ ಬಾಗಿಲನ್ನು ಒಮ್ಮೆ ಕಣ್ಣಾರೆ ನೋಡಿ ಬಂದ ಮೇಲೆ ತುಟಿ ಬಿಚ್ಚಿರಲಿಲ್ಲ.

ವಾಚು ಹಿಡಿಯುವ ಕೆಲಸ ಅಪ್ಪನದು. ಅಂಗಡಿ ತೆರೆಯುವುದು ಹತ್ತಕ್ಕೆ. ವಾಚಿಗೆ ಎಣ್ಣೆ ಹಾಕಿ ಸರಿಯಿಟ್ಟವನೂ ಅವನೇ. ಮೊದಲ ದಿನವೇ ಕೋಚಮ್ಮ ಅವನಿಗೆ ತಾಕೀತು ಮಾಡಿದ್ದರು.

“ಸದ್ದಿಗೆ ಒತ್ತಬೇಡಿ. ಸದ್ದು ಅಲ್ಲಿಂದ ಇಲ್ಲಿಗೆ ಬರೋಕೆ ಹೊತ್ತು ಹಿಡಿಯುತ್ತೆ. ಕೆಂಪು ಮುಚ್ಚಿದ್ದು ಕಂಡ ತಕ್ಷಣ ಒತ್ತಬೇಕು. ಕಣ್ಣಿಗೂ ಕಿವಿಗೂ ನಾಲ್ಕು ಬೆರಳಿನ ಅಂತರ ಅಂತಾರಲ್ಲ, ನಮ್ಮ ಲೆಕ್ಕದಲ್ಲಿ ಮೂರು. ಸೆಕೆಂಡನ್ನ ಹತ್ತು ಪಾಲು ಮಾಡಿದ್ರೆ ಅದ್ರಲ್ಲಿ ಮೂರು ಪಾಲು.”

ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಂಪನ್ನು ಕಾಯುತ್ತಿದ್ದ. ಆ ಕೆಂಪು ಕಾಣುವುದು ಯಾವ ದಿನ ನಿಂತಿತೋ ಅವನಿಗೆ ತಿಳಿಯಲಿಲ್ಲ. ಬೆಳಗಿನ ಮಂಜು ಅಂದುಕೊಂಡ. ಬೇಸಿಗೆಯಲ್ಲೂ ಮಂಜು ಇತ್ತು, ಮಟಮಟ ಮಧ್ಯಾಹ್ನ ರಸ್ತೆ ದಾಟುವಾಗಲೂ ಇತ್ತು. ಮನುಷ್ಯ ಅಂದುಕೊಳ್ಳಲು ಕೂತರೆ ಏನನ್ನು ಬೇಕಾದರೂ ಅಂದುಕೊಳ್ಳುತ್ತಾನೆ. ಅಂಗಡಿಯಲ್ಲಿ ಮಾತ್ರ ಕೈಯಳತೆಯ ವಸ್ತುವೆಲ್ಲ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಸಾಸಿವೆಗಿಂತ ಸಣ್ಣ ತಿರುಪನ್ನು ಕನ್ನಡಕವಿಲ್ಲದೆ ಕೂರಿಸಿ, ವಯಸ್ಸು ಹಿಂದಕ್ಕೆ ಹೋಗುತ್ತಿದೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದ.

“ಪೊರೆ ಬಲಿಯೋವಾಗ ಕೆಲವರಿಗೆ ಹಾಗಾಗುತ್ತೆ,” ಎಂದಿದ್ದರು ಕಣ್ಣಿನ ಡಾಕ್ಟರು, ಮೂರು ವಾರದ ಹಿಂದೆ ಪೊರೆ ತೆಗೆಯುವ ಮೊದಲು. “ಹತ್ತಿರದ್ದು ಚೆನ್ನಾಗಿ ಕಾಣುತ್ತೆ, ದೂರದ್ದು ಮಂಜಾಗುತ್ತೆ. ಒಂದು ವರ್ಷದಿಂದ ಇರಬೇಕು ನಿಮಗೆ.”

ಮಂಜು ಎಂಬ ಮಾತು ಕೇಳಿ ಅವನು ಆವತ್ತು ನಕ್ಕುಬಿಟ್ಟಿದ್ದ. ಒಂದು ವರ್ಷ ಎಂಬ ಮಾತು ಕಿವಿಯ ಮೇಲೆ ಬಿದ್ದರೂ ಒಳಗೆ ಇಳಿದಿರಲಿಲ್ಲ. ಈಗ ಗೆರೆಯ ಪಕ್ಕದಲ್ಲಿ ನಿಂತಿದ್ದಾಗ ಇಳಿಯಿತು. ಕಣ್ಣು ಕೈಕೊಟ್ಟಾಗ ಕಿವಿ ತಾನಾಗಿ ಮುಂದೆ ಬಂದು ಅದರ ಕೆಲಸ ಹಿಡಿದುಕೊಂಡಿತ್ತು, ಯಜಮಾನನಿಗೆ ಒಂದು ಮಾತೂ ಹೇಳದೆ.

ಹತ್ತು ನಿಮಿಷವಾಯಿತು. ಕೋಚಮ್ಮ ಆ ತುದಿಯಲ್ಲಿ ಹಲಗೆ ಎತ್ತಿದರು. ಮಗಳು ಬಗ್ಗಿ ಕುಳಿತಳು. ಅವನು ಕಣ್ಣು ಮುಚ್ಚಿಕೊಂಡ. ‘ಟಪ್’ ಎಂದಾಗ ಒತ್ತಿದ, ಆಮೇಲೆ ಕಣ್ಣು ತೆರೆದು, ಅವಳು ಗೆರೆ ದಾಟುವಾಗ ಮತ್ತೆ ಒತ್ತಿದ.

ಹನ್ನೆರಡೂವರೆ.

“ಐದು!” ಎಂದು ಮಗಳೇ ಇಣುಕಿ ನೋಡಿ ಕೂಗಿದಳು. ಕೋಚಮ್ಮ ಅಷ್ಟು ದೂರದಿಂದ ಎರಡೂ ಹಲಗೆಗಳನ್ನು ಮೇಲೆತ್ತಿ ಆಡಿಸಿದರು. ಅವುಗಳ ಕೆಂಪು ಅವನಿಗೆ ನಿಚ್ಚಳವಾಗಿ ಕಂಡಿತು. ಅವನಿಗೆ ದುಃಖವಾಗಲಿಲ್ಲ, ಭಯವೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಇಡೀ ಮೈ ಹಾಗಿತ್ತು.

ಮಧ್ಯಾಹ್ನ ಮಗಳು ಅಂಗಡಿಗೆ ಬಂದಳು. ಅವನು ಗೋಡೆ ಗಡಿಯಾರವೊಂದರ ಹಿಂಬದಿ ಬಿಚ್ಚಿಟ್ಟುಕೊಂಡು, ಏನೂ ಮಾಡದೆ ಕೂತಿದ್ದ.

“ಇಲ್ಲೊಂದು ಸಹಿ ಹಾಕಪ್ಪ.”

ಆಸ್ಪತ್ರೆಗೆ ಬರೆದ ಪತ್ರ. ಎಕ್ಸ್‌ರೇ ತೆಗೆಯುವ ಎರಡು ವರ್ಷದ ತರಬೇತಿಗೆ ಅವಳಿಗೆ ಸೀಟು ಸಿಕ್ಕಿತ್ತು. ಇನ್ನೂರು ಜನ ಬರೆದ ಪರೀಕ್ಷೆಯಲ್ಲಿ ಹನ್ನೆರಡು ಜನಕ್ಕೆ ಸಿಕ್ಕಿದ್ದು. ಸೇರುವವರು ಸೋಮವಾರದೊಳಗೆ ತಿಳಿಸಬೇಕು. ಆಯ್ಕೆ ಶಿಬಿರವೂ ಅದೇ ವಾರ. ಎರಡು ದೋಣಿಯಲ್ಲಿ ಕಾಲಿಡಲು ಬರುವುದಿಲ್ಲ. ಸೀಟು ಬೇಡವೆಂದು ಮಗಳು ನಾಲ್ಕೇ ಸಾಲಿನಲ್ಲಿ ಚೊಕ್ಕವಾಗಿ ಬರೆದಿದ್ದಳು. ಕೆಳಗೆ ತಂದೆಯ ಸಹಿಗೆ ಜಾಗ ಬಿಟ್ಟಿದ್ದಳು.

ಅವನು ಪೆನ್ನು ಎತ್ತಿಕೊಳ್ಳಲಿಲ್ಲ. ಸ್ಟೂಲು ತೋರಿಸಿದ. ಅವಳು ಕೂತಳು.

“ಬೆಳಗ್ಗೆ ಒತ್ತೋದು ತಪ್ಪಿರ್ಲಿಲ್ಲ.”

“ಮತ್ತೆ?”

“ಹನ್ನೆರಡು ಎಂಟು.”

“ಆಮೇಲೆ ಐದು ಬಂತಲ್ಲ?”

“ಅದನ್ನ ಕಣ್ಣು ಮುಚ್ಕೊಂಡು ಒತ್ತಿದೆ. ಸದ್ದಿಗೆ.”

ಮಗಳು ಚುರುಕು. ಆ ಬಾಗಿಲ ಮೇಲಿನ ಅಂಕಿಗಳ ಜೊತೆಯಲ್ಲೇ ಒಂದು ವರ್ಷ ಮಲಗಿ ಎದ್ದವಳು. ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ಅಂಗಡಿಯ ಗೋಡೆಯಲ್ಲಿದ್ದ ಹತ್ತಿಪ್ಪತ್ತು ಗಡಿಯಾರಗಳು ತಮ್ಮ ತಮ್ಮ ಪಾಡಿಗೆ ನಡೆಯುತ್ತಿದ್ದವು.

“ಯಾವಾಗಿಂದ?” ಎಂದಳು.

“ಗೊತ್ತಿಲ್ಲ ಕಣೇ. ಮೊದಲನೇ ದಿನ ಕೆಂಪು ಕಾಣ್ತಿತ್ತು. ಅಂಗೈಯಗಲದ ಕೆಂಪು, ಅದು ಮುಚ್ಚಿಕೊಳ್ಳೋದು, ಎಲ್ಲಾ ಚೆನ್ನಾಗಿ ನೆನಪಿದೆ. ಆಮೇಲೆ ಯಾವಾಗ ಹೋಯ್ತೋ. ನಾನು ಮಂಜು ಅಂದ್ಕೊಂಡೆ.”

“ಅಂದ್ರೆ ಹೋದ ವರ್ಷದ ಒಂಬತ್ತು ನಿಜ.”

“ನಿಜ.”

“ಈವತ್ತಿನ ಎಂಟೂ ನಿಜ.” ಅವಳು ತನ್ನ ತೋರುಬೆರಳನ್ನು ಎತ್ತಿ ಅದನ್ನೇ ನೋಡಿದಳು. “ಒಂದು ವರ್ಷಕ್ಕೆ ಒಂದು.”

“ಉಳಿದ ಮೂರು ನನ್ನ ಕಿವಿದು.”

“ಶಿಬಿರದಲ್ಲಿ ಮಿಷನ್ ಇರುತ್ತೆ. ಅದಕ್ಕೆ ಕಣ್ಣೂ ಇಲ್ಲ ಕಿವಿನೂ ಇಲ್ಲ.” ಸ್ಟೂಲನ್ನು ತುಸು ಹಿಂದಕ್ಕೆ ಸರಿಸಿ, “ನೀನು ಅಳೋಕೆ ಶುರು ಮಾಡಿದ್ರೆ ನಾನು ಎದ್ದು ಹೋಗ್ತೀನಿ,” ಎಂದಳು.

“ನಂಗೆ ಅಳು ಬರ್ತಿಲ್ಲ.”

“ನಂಗೂ ಬರ್ತಿಲ್ಲ. ಅದೇ ಯಾಕೆ ಅಂತ.”

ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಮೇಜಿನ ಮೇಲಿದ್ದ ಅವನ ಭೂತಗನ್ನಡಿಯನ್ನು ಕಣ್ಣಿಗೆ ಇಟ್ಟುಕೊಂಡು ತನ್ನ ಉಗುರುಗಳನ್ನು ಒಂದೊಂದಾಗಿ ನೋಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಕೈಗೇ ಬಂದಿರಲಿಲ್ಲ, ಬಂದಿದೆಯೆಂದು ಅವನು ವರ್ಷವಿಡೀ ಕೂಗಿ ಹೇಳಿದ್ದ ಅಷ್ಟೆ. ಅವಳು ಪತ್ರವನ್ನು ವಾಪಸು ತೆಗೆದುಕೊಂಡು ನಾಲ್ಕು ಮಡಿಕೆ ಮಡಿಸಿದಳು. ಹರಿಯಲಿಲ್ಲ.

“ಒಂದಾದ್ರೂ ನಂದೇ,” ಎಂದಳು. “ಮೇಡಂಗೆ ಯಾರು ಹೇಳ್ತಾರೆ?”

“ನಾನೇ ಹೇಳ್ತೀನಿ. ನೀನು ಜೊತೆಗಿರು.”

ಮರುದಿನ ಭಾನುವಾರ. ಅಪ್ಪ ಮಗಳು ಮೈದಾನಕ್ಕೆ ಹೋದಾಗ ಕೋಚಮ್ಮ ಸಾಮಾನು ಕೋಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಗಳ ಓಟದ ಶೂಗಳ ಮೊಳೆ ಬಿಗಿ ಮಾಡುತ್ತಿದ್ದರು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಕೆಂಪು, ಮಂಜು, ಪೊರೆ, ಎಂಟು, ಐದು. ಅರ್ಜಿ ಒಪ್ಪಿಸುವವನ ಹಾಗೆ ಒಂದೇ ದನಿಯಲ್ಲಿ ಹೇಳಿದ. ಕೋಚಮ್ಮನ ಕೈ ನಿಲ್ಲಲಿಲ್ಲ. ಒಂದು ಶೂ ಮುಗಿಸಿ, ಇನ್ನೊಂದನ್ನು ಎತ್ತಿಕೊಂಡು, ಅದರ ಆರೂ ಮೊಳೆಗಳನ್ನು ಬಿಗಿ ಮಾಡಿದರು. ಆಮೇಲೆ ಎರಡನ್ನೂ ಜೋಡಿಸಿ ಗೋಡೆಗೆ ಒರಗಿಸಿಟ್ಟರು.

“ಆ ಮನುಷ್ಯ ಹೇಳಿದ್ದೇ ಸರಿ ಹಾಗಾದ್ರೆ,” ಎಂದರು, ಯಾರಿಗೂ ಅಲ್ಲದ ಹಾಗೆ.

ಅವರು ಎದ್ದು ಬಾಗಿಲ ಮುಂದೆ ಹೋಗಿ ನಿಂತರು. ಅಂಕಿಗಳ ಸಾಲನ್ನು ಮೇಲಿಂದ ಕೆಳಗೆ ಓದಿದರು. ಈ ಒಂದು ವರ್ಷದಲ್ಲಿ ಅವನು ಅವರ ಬೆನ್ನು ಬಾಗಿದ್ದನ್ನು ಕಂಡಿರಲಿಲ್ಲ; ಈಗಲೂ ಅದು ನೆಟ್ಟಗೇ ಇತ್ತು. ಆದರೆ ಕುತ್ತಿಗೆಯ ಹಿಂದೆ ಸಡಿಲಾದ ಚರ್ಮ, ಅದರ ಗೆರೆಗಳು, ಕಿವಿಯ ಹಿಂದೆ ಅಂಟಿದ ಸೀಮೆಸುಣ್ಣದ ಧೂಳು, ಹೊಸ ಕಣ್ಣಿಗೆ ಎಲ್ಲವೂ ಬೇಡವೆಂದರೂ ಕಾಣುತ್ತಿದ್ದವು.

ಕೋಚಮ್ಮ ತಟ್ಟನೆ ತಿರುಗಿದರು.

“ಒಂದು ಕೇಳ್ತೀನಿ, ಯೋಚನೆ ಮಾಡಿ ಹೇಳಿ. ಮೊದಲನೇ ದಿನದ ಈ ಒಂಬತ್ತು. ಆವತ್ತು ನೀವು ಒತ್ತಿದ್ದು ಕಣ್ಣಿಗೋ, ಕಿವಿಗೋ?”

ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ಅವನಿಗೆ ಅರ್ಥವಾಯಿತು. ಆ ಒಂಬತ್ತೂ ಕಿವಿಯದೇ ಆಗಿದ್ದರೆ ಅದಕ್ಕೂ ಮೂರು ಸೇರಿಸಬೇಕು. ಆಗ ಹುಡುಗಿ ಹದಿಮೂರು ಎರಡರಿಂದ ಹನ್ನೆರಡು ಎಂಟಕ್ಕೆ ಬಂದ ಹಾಗೆ. ಶಿಬಿರಕ್ಕೆ ಆಗಲೂ ಸಾಲದು. ಆದರೆ ನಾಲ್ಕಕ್ಕೆ ನಾಲ್ಕೂ ಕಲಿಸಿದ್ದೇ ಆಗುತ್ತದೆ.

ಅಂಗೈಯಗಲದ ಕೆಂಪು ಅವನ ಕಣ್ಣ ಮುಂದೆ ತೆರೆದುಕೊಂಡಿತು, ಮುಚ್ಚಿಕೊಂಡಿತು.

“ಕಿವಿಗೇ ಇರ್ಬೇಕು ಮೇಡಂ,” ಎಂದ. “ಆವತ್ತೂ ಸರಿಯಾಗಿ ಕಾಣ್ತಿರ್ಲಿಲ್ಲ ಅನ್ಸುತ್ತೆ.”

ಕೋಚಮ್ಮ ಅವನನ್ನು ನೋಡಿದರು. ಆಮೇಲೆ ಹುಡುಗಿಯ ಕಡೆ ನೋಡಿದರು. ಹುಡುಗಿ ಅಪ್ಪನ ಮುಖವನ್ನು ಒಮ್ಮೆ ನೋಡಿ, ಗೋಡೆಗೆ ಒರಗಿಸಿಟ್ಟ ಶೂಗಳ ಮೇಲೆ ಕಣ್ಣಿಟ್ಟಳು. ಅವಳ ತೋರುಬೆರಳು ತಾನಾಗಿ ಮಡಿಸಿಕೊಂಡು ಮುಷ್ಟಿಯೊಳಗೆ ಹೋಯಿತು.

“ಹೌದು ಮೇಡಂ,” ಎಂದಳು. “ಆವತ್ತು ತುಂಬಾ ಮಂಜಿತ್ತು.”

ಕೋಚಮ್ಮ ತಲೆಯಾಡಿಸಿದರು. ಕಿಟಕಿಯ ಸರಳಿಗೆ ಸಿಕ್ಕಿಸಿದ್ದ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ಬಾಗಿಲ ಮೇಲಿನ ಸಾಲನ್ನು ಪೂರ್ತಿ ಒರೆಸಿದರು. ಬಾಗಿಲು ಆರುವ ತನಕ ಮೂವರೂ ಕಾದರು. ಆಮೇಲೆ ಅವರು ಮೇಲೆ ಹದಿಮೂರು ಎರಡು ಎಂದು ಬರೆದರು. ಕೆಳಗೆ, ನಡುವೆ ಜಾಗ ಬಿಟ್ಟು, ಹನ್ನೆರಡು ಎಂಟು.

“ಶಿಬಿರ ತಪ್ಪಿತು,” ಎಂದರು. “ಆದ್ರೆ ನಾಲ್ಕು ಕಲಿಸಿದೀನಿ. ಅದನ್ನ ಯಾರೂ ಅಳಿಸೋಕಾಗಲ್ಲ.” ಅವರ ದನಿ ಬೆಳಗಿನ ತರಗತಿಯದೇ ಆಗಿತ್ತು. “ಎಕ್ಸ್‌ರೇಗೆ ಸೇರ್ಕೊ. ಸಂಜೆ ಹೊತ್ತು ಬಾ, ಬಿಡಬೇಡ.”

“ಹ್ಞೂಂ ಮೇಡಂ.”

ಶೂಗಳನ್ನು ತೆಗೆದುಕೊಂಡು ಹೋಗೆಂದರು. ಅವಳು ಮಡಿಸಿದ ಪತ್ರವನ್ನು ಒಂದು ಶೂವಿನೊಳಗೆ ತುರುಕಿ, ಲೇಸು ಗಂಟು ಹಾಕಿ, ಹೆಗಲಿಗೆ ನೇತುಹಾಕಿಕೊಂಡಳು. ಅಪ್ಪ ಮಗಳು ಓಟದ ದಾರಿಯ ಗುಂಟ ನಡೆದರು. ಅವಳು ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದಳು.

ಗೇಟಿನ ಬಳಿ ಅವನು ತಿರುಗಿ ನೋಡಿದ. ಕೋಚಮ್ಮ ಹಲಗೆಗಳನ್ನು ಒಂದಕ್ಕೊಂದು ಒತ್ತಿ, ಕೆಂಪು ಒಳಗೆ ಮಾಡಿ, ಮೊಳೆಗೆ ನೇತುಹಾಕುತ್ತಿದ್ದರು. ಬಾಗಿಲ ಮೇಲಿನ ಹದಿಮೂರು ಎರಡನ್ನು ಅಷ್ಟು ದೂರದಿಂದಲೂ ಸಲೀಸಾಗಿ ಓದಬಹುದಿತ್ತು.